ಯಾವ ಮಂದಿರಿ ನೀವು?

ನಾವಿಬ್ಬರೂ ಗಂಡ-ಹೆಂಡತಿ ಆಗುತ್ತೇವೆ ಅಂತ ಊರಿಗೆ ಮೊದಲು ಹೇಳಿದ್ದು ನಾವಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಟಿಸ್ ಬೋರ್ಡು.

1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಅರ್ಜಿ ಕೊಟ್ಟು 30 ದಿನ ಕಾಯಬೇಕು. ಅಷ್ಟೂ ದಿನ ಹುಡುಗ-ಹುಡುಗಿಯ ಹೆಸರು, ವಯಸ್ಸು, ಉದ್ಯೋಗ, ವಿಳಾಸ ಎಲ್ಲವೂ ನಾಲ್ಕು ಮಂದಿಗೆ ಕಾಣುವಂತೆ ಕಚೇರಿಯಲ್ಲಿ ಹಚ್ಚಿರುತ್ತಾರೆ. ತಕರಾರು ಇದ್ದವರು ಬಂದು ಹೇಳಬಹುದು. ನಮ್ಮದು ಹಚ್ಚಿದ ಒಂಬತ್ತನೇ ದಿನ ಯಾರೋ ಪುಣ್ಯಾತ್ಮರು ಅದರ ಫೋಟೊ ಹೊಡೆದು ನಮ್ಮಪ್ಪನ ವಾಟ್ಸಾಪಿಗೆ ಕಳಿಸಿದರು. ಅಪ್ಪ ಫೋನ್ ಮಾಡಿ ಒಂದೇ ಮಾತು ಕೇಳಿದ: "ಇದು ನಿನ್ನ ಹೆಸರೇ ಏನು?"

"ಹೌದಪ್ಪ" ಅಂದೆ. ಫೋನ್ ಇಟ್ಟುಬಿಟ್ಟ.

ಆ ಭಾನುವಾರ ಊರಿಗೆ ಹೋಗಿ ನಾನೇ ಹೇಳಬೇಕು ಅಂತಿದ್ದೆ. ಸುಳ್ಳೇಕೆ, ಅದರ ಹಿಂದಿನ ಮೂರು ಭಾನುವಾರವೂ ಹಾಗೇ ಅಂದುಕೊಂಡಿದ್ದೆ. 2022ರ ಮಾರ್ಚಿನಲ್ಲಿ ಮೂವರು ಸಾಕ್ಷಿಗಳ ಎದುರು ಸಹಿ ಹಾಕಿ ಮದುವೆಯಾದೆವು. ಸಾಕ್ಷಿಗಳಲ್ಲಿ ಇಬ್ಬರು ಗೆಳೆಯರು, ಒಬ್ಬರು ಅವನ ಸೋದರಮಾವ. ಸಹಿ ಮುಗಿದ ಕೂಡಲೇ ಗೆಳತಿಯರು ಗಂಟುಬಿದ್ದರು, "ಒಡಪು ಹೇಳಲೇಬೇಕು, ಗಂಡನ ಹೆಸರು ಹೇಳಲೇಬೇಕು." ನಮ್ಮ ಕಡೆ ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪ್ರಾಸ ಕೂಡಿಸಿ ಒಂದು ಒಡಪಿನೊಳಗೆ ಇಟ್ಟು ಹೇಳುವ ಪದ್ಧತಿ ಇದೆ. ಉಳಿದ ದಿನ ಹೆಸರೆತ್ತುವಂತಿಲ್ಲವಲ್ಲ, ಅದಕ್ಕೇ ಇರಬೇಕು ಅಷ್ಟು ಸಂಭ್ರಮ. ನನಗೆ ಒಂದು ಸಾಲೂ ಹೊಳೆಯಲಿಲ್ಲ. ಅಪ್ಪ ಕೇಳಿದ ಪ್ರಶ್ನೆಯೇ ಕಿವಿಯಲ್ಲಿತ್ತು. ಬರೀ ಹೆಸರು ಹೇಳಿದೆ, ಹಾಜರಿ ಕೂಗಿದ ಹಾಗೆ.

ಇಷ್ಟು ಹೇಳಿದ ಮೇಲೆ ಪರಿಚಯ ಮಾಡಿಕೊಳ್ಳುವುದು ಸುಲಭ. ನಾನು ಸಿಂಧನೂರು ಕಡೆಯವಳು, ಅಲ್ಲೇ ಒಂದು ಬ್ಯಾಂಕಿನಲ್ಲಿ ಕ್ಲರ್ಕು. ಅವನು ಲಿಂಗಸುಗೂರು ಕಡೆಯವನು, ಕಾಲುವೆ ಕೆಲಸ ಹಿಡಿಯುವ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್. ಇರುವುದು ಮಸ್ಕಿಯಲ್ಲಿ. ಯಾಕೆ ಮಸ್ಕಿ ಅಂದರೆ ಉತ್ತರ ನಕಾಶೆಯಲ್ಲೇ ಇದೆ. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ, ಮಸ್ಕಿ ನಟ್ಟನಡುವೆ. ನಾನು ಬೆಳಿಗ್ಗೆ ಒಂದು ದಿಕ್ಕಿಗೆ, ಅವನು ಇನ್ನೊಂದು ದಿಕ್ಕಿಗೆ, ಇಬ್ಬರಿಗೂ ಹೆಚ್ಚೂಕಡಿಮೆ 30 ಕಿಲೋಮೀಟರ್. ಜಗಳಕ್ಕೆ ಜಾಗವೇ ಇಲ್ಲದಷ್ಟು ಸಮಪಾಲು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಾತ್ರ ಲೆಕ್ಕ ತಪ್ಪಿತು: ನನಗೆ ಬಸ್ಸು ಪುಕ್ಕಟೆ, ಅವನ ಬೈಕಿಗೆ ಪೆಟ್ರೋಲು. ತಿಂಗಳ ಕೊನೆಗೆ ಅದನ್ನು ನೆನಪಿಸದೆ ನಾನು ಬಿಡುವುದಿಲ್ಲ.

ಅವನು, ಅವನು ಅಂತ ಬರೆಯುತ್ತಿದ್ದೇನೆ, ಕ್ಷಮಿಸಿ. ಧಾರವಾಡದಲ್ಲಿ ಪರೀಕ್ಷೆಗಳಿಗೆ ಓದುವಾಗ ಸಿಕ್ಕವರು ನಾವು. ಅಲ್ಲಿ ರಾಯಚೂರು ಜಿಲ್ಲೆಯವರು ಅಂದರೆ ಸಾಕು, "ನಿಮ್ಮೂರಾಗ ಬಿಸಿಲು ಬಿಟ್ರ ಮತ್ತೇನದರಿ?" ಅಂತ ಕಾಡುತ್ತಿದ್ದರು. ಬಿಸಿಲಿನ ಪರವಾಗಿ ಇಬ್ಬರೂ ಸೇರಿ ವಾದ ಮಾಡುತ್ತ ಮಾಡುತ್ತ ಗೆಳೆತನ ಆಯಿತು. ಹೀಗಾಗಿ ಮನೆಯೊಳಗೆ 'ಲೇ', 'ಹೋಗೋ' ಎಲ್ಲ ನಡೆಯುತ್ತದೆ. ಗೇಟು ದಾಟಿದರೆ 'ರೀ'. ಅತ್ತೆ ಇದನ್ನು ಓದುವುದಿಲ್ಲ ಅನ್ನೋ ಧೈರ್ಯ.

ಮನೆ ಸಿಗುವುದಕ್ಕೆ ಎರಡು ತಿಂಗಳಾಯಿತು. ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ನೌಕರಿಯವರು ಬರುತ್ತಾರೆ, ಹೊಸ ಮನೆಗಳು ಏಳುತ್ತಿವೆ, 'ಮನೆ ಬಾಡಿಗೆಗೆ ಇದೆ' ಬೋರ್ಡಿಗೆ ಬರವಿರಲಿಲ್ಲ. ಬರ ಇದ್ದದ್ದು ಎರಡನೇ ಪ್ರಶ್ನೆ ದಾಟುವುದಕ್ಕೆ. ಮೊದಲ ಪ್ರಶ್ನೆ "ಏನ್ ಕೆಲಸ ಮಾಡ್ತೀರಿ?" ಬ್ಯಾಂಕು ಅಂದರೆ ಮುಖ ಅರಳುತ್ತಿತ್ತು. ಎರಡನೆಯದು "ಯಾವ ಮಂದಿರಿ ನೀವು?"

ಕೇಳುವವರ ದನಿಯಲ್ಲಿ ಕೆಟ್ಟತನ ಇರುವುದಿಲ್ಲ, ಅದೇ ಕಷ್ಟ. ನೀರು ಬೇಕೇನ್ರಿ ಅಂದಷ್ಟು ಸಹಜವಾಗಿ ಕೇಳುತ್ತಾರೆ. ಮೊದಲ ಮನೆಯಲ್ಲಿ ಅವನು ಇದ್ದದ್ದು ಇದ್ದಂಗೆ ಹೇಳಿದ, ತಾನು ಇಂಥವರು, ನನ್ನ ಹೆಂಡತಿ ಇಂಥವರು ಅಂತ. ಮನೆಯವರು ಚಹಾ ಕೊಟ್ಟರು, ಸಂಜೆ ಫೋನ್ ಮಾಡಿ "ಮನಿ ಬ್ಯಾರೆದವ್ರಿಗೆ ಹೇಳಿಬಿಟ್ಟೀವಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದರು. ಆ ಮನೆಯ ಬೋರ್ಡು ಮುಂದೆ ಮೂರು ತಿಂಗಳು ಹಾಗೇ ತೂಗುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಎರಡನೇ ಮನೆ, ಮೂರನೇ ಮನೆ, ಅದೇ ಕತೆ.

ನಾಲ್ಕನೆಯದು ಮಹಡಿ ಮೇಲಿನ ಮನೆ. ಕೆಳಗೆ ಮಾಲಕರು, ವಯಸ್ಸಾದ ಅಮ್ಮ ಒಬ್ಬರೇ. ಮಕ್ಕಳು ಹೊರಗೆ. ಅವರೂ ಕೇಳಿದರು. ಅವನು ಬಾಯಿ ತೆರೆಯುವುದರೊಳಗೆ ನಾನು ಹೇಳಿಬಿಟ್ಟೆ: "ಇಬ್ಬರೂ ಒಂದೇ ಮಂದಿ ರೀ, ಅಮ್ಮಾ." ಯಾವ ಮಂದಿ ಅಂತಲೂ ಹೇಳಿದೆ. ಅವನದು ಹೇಳಿದೆ.

ಇಲ್ಲಿಯವರೆಗೆ ಓದಿದ ನಿಮಗೂ ಆ ಎರಡನೇ ಪ್ರಶ್ನೆ ಬಂದಿರಬಹುದು. ಬಂದಿದ್ದರೆ ತಪ್ಪೇನಿಲ್ಲ, ನನಗೂ ಬೇರೆಯವರ ಬಗ್ಗೆ ಬರುತ್ತದೆ. ಆದರೆ ಹೇಳುವುದಿಲ್ಲ.

ಆ ರಾತ್ರಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ ನಮ್ಮ ಮೊದಲ ದೊಡ್ಡ ಜಗಳ. "ನೋಟಿಸ್ ಬೋರ್ಡಿನ ಮ್ಯಾಲ ಹೆಸರು ಬರಸಿದ್ದು ಇದಕ್ಕೇನು?" ಅಂದ. "ನಿನಗೇನು, ನಿಂದಂತೂ ಉಳೀತು, ಹೋಗಿದ್ದು ನಂದು" ಅಂದೆ. ಹಾಗಂದ ಮೇಲೆ ಇಬ್ಬರೂ ಮಾತಾಡಲಿಲ್ಲ. ಅವನು ತಾನೇ ಹಿಟ್ಟು ನಾದಿ ರೊಟ್ಟಿ ಬಡಿದ. ನಮ್ಮನೆಯಲ್ಲಿ ರೊಟ್ಟಿ ಅವನದೇ ಇಲಾಖೆ. ನಾನು ಕಾಲುವೆ ನೀರಿನ ಊರವಳು, ಮೂರು ಹೊತ್ತೂ ಸೋನಾ ಮಸೂರಿ ಅನ್ನ ಉಂಡು ಬೆಳೆದವಳು. ನಾನು ಬಡಿದ ರೊಟ್ಟಿ ಆಂಧ್ರದ ನಕಾಶೆ ಆಗುತ್ತದೆ. ಅವನದು ಮಳೆ ನಂಬಿದ ಎರೆ ಹೊಲದ ಊರು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಇಲ್ಲದಿದ್ದರೆ ಊಟ ಮಾಡಿದಂತೆ ಅನಿಸುವುದಿಲ್ಲ ಅವನಿಗೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಗೆ ಎಡೆದೊರೆ ನಾಡು ಅಂತ ಹೆಸರಿತ್ತು ಎಂದು ಶಾಲೆಯಲ್ಲಿ ಓದಿದ್ದೆ. ನಮ್ಮ ಅಡುಗೆಮನೆ ನೋಡಿದರೆ ಆ ಪಾಠ ಈಗಲೂ ಅರ್ಥವಾಗುತ್ತದೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ನನ್ನನ್ನು ಒಲ್ಲೆ ಅನ್ನಲಿಲ್ಲ. ಉಡಿ ತುಂಬಿದರು, ಬಳೆ ಇಡಿಸಿದರು, ನನಗೆ ಜ್ವರ ಬಂದಾಗ ಬಸ್ಸು ಹತ್ತಿ ಮಸ್ಕಿಗೆ ಬಂದು ಎಂಟು ದಿನ ಇದ್ದರು. ಆದರೆ ಓಣಿಯಲ್ಲಿ ಯಾರಾದರೂ ಸೊಸೆ ಯಾರ ಪೈಕಿ ಅಂತ ಕೇಳಿದರೆ, "ನಮ್ಮ ಪೈಕಿನೇ ರೀ, ಸಿಂಧನೂರು ಕಡೇದಾಕಿ" ಅನ್ನುತ್ತಾರೆ. ಪಕ್ಕದಲ್ಲೇ ನಾನು ನಿಂತಿರುತ್ತೇನೆ. ಪ್ರೀತಿಯಿಂದಲೇ ಹೇಳುತ್ತಾರೆ, ನನ್ನನ್ನು ಕಾಯುವುದಕ್ಕೇ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮಪ್ಪ-ಅವ್ವ ಇಬ್ಬರೂ ಒಮ್ಮೆಲೇ ಇಲ್ಲದಂತಾದರು ಅನಿಸಿತು. ತಿದ್ದಬೇಕು ಅನಿಸಿತು. ಆದರೆ ಮಸ್ಕಿಯಲ್ಲಿ ಅದೇ ಸುಳ್ಳು ಹೇಳಿ ಬಾಡಿಗೆಗಿದ್ದವಳು ಯಾವ ಬಾಯಿಂದ ತಿದ್ದಲಿ?

ಭಾನುವಾರ ಸಂಜೆ ನಮ್ಮದು ಒಂದು ರೂಢಿ ಇದೆ: ಮಂಡಾಳ ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಗುಡ್ಡದ ಕಡೆ ಹೋಗುವುದು. ಅಶೋಕನ ಶಾಸನ ಇರುವುದು ಅಲ್ಲೇ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಬಂಡೆಯ ಮೇಲೆ ಅಕ್ಷರ ಕಂಡನಂತೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಲೇ ಕರೆದುಕೊಂಡಿದ್ದ. ಅವನೇ ಅಶೋಕ ಅಂತ ವಿದ್ವಾಂಸರು ಊಹಿಸಿದ್ದರು, ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ ಹೆಸರೂ ಇತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರಿರುವ ಶಾಸನ ಸಿಕ್ಕವು, ಆದರೂ ಮೊದಲ ಮಾನ ಮಸ್ಕಿಯದೇ. ಇದನ್ನು ಅವನು ನನಗೆ ಹೇಳಿದ್ದು ಜಗಳವಾದ ಮುಂದಿನ ಭಾನುವಾರ. ಚುಚ್ಚುವುದಕ್ಕೇ ಹೇಳಿದನೋ ಸುಮ್ಮನೆ ಹೇಳಿದನೋ ಇವತ್ತಿಗೂ ಕೇಳಿಲ್ಲ. ಮಿರ್ಚಿ ಖಾರ ಆಗಿತ್ತು, ಕಣ್ಣಲ್ಲಿ ನೀರು ಬಂದಿದ್ದಕ್ಕೆ ಅದೇ ನೆವ.

ಅಪ್ಪ ಮಾತು ಬಿಟ್ಟು ಎರಡು ವರ್ಷ ದಾಟಿತು. ಅವ್ವ ಮಾತ್ರ ಮಧ್ಯಾಹ್ನ, ಅಪ್ಪ ಹೊಲಕ್ಕೆ ಹೋದಾಗ ಫೋನ್ ಮಾಡುತ್ತಿದ್ದಳು. ನಾನಿರುವುದು ಕ್ಯಾಶ್ ಕೌಂಟರಿನಲ್ಲಿ. ಎಷ್ಟೋ ದಿನ ಎತ್ತಲಾಗುತ್ತಿರಲಿಲ್ಲ.

ಆಮೇಲೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಬೆಂಗಳೂರಿನಲ್ಲಿರುವವರಿಗೆ ಅದು ಸುದ್ದಿ; ಸಿಂಧನೂರಿನವರಿಗೆ ಮನೆಯಲ್ಲಿ ಯಾರಿಗೋ ಎದೆನೋವು ಬಂದ ಹಾಗೆ. ಹಿಂದಿನ ವರ್ಷ ಬರ ಬಿದ್ದು ಡ್ಯಾಮು ತುಂಬಿರಲಿಲ್ಲ. ಈ ಸಲ ತುಂಬಿತ್ತು, ನಾಟಿ ಶುರುವಾಗಿತ್ತು. ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ನೀರು ತುಂಬಿದ ವರ್ಷವೇ ಖಾತ್ರಿ ಇಲ್ಲ, ಇನ್ನು ಡ್ಯಾಮೇ ಖಾಲಿಯಾದರೆ? ಬ್ಯಾಂಕಿನಲ್ಲಿ ಅವತ್ತಿನ ವಾರವೆಲ್ಲ ಬೆಳೆಸಾಲದವರು ಚೀಟಿ ಹಿಡಿದುಕೊಂಡು ಸುಮ್ಮನೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಕೆಲಸ ಇರಲಿಲ್ಲ, ಮನೆಯಲ್ಲಿ ಕೂಡಲಾಗುತ್ತಿರಲಿಲ್ಲ ಅಷ್ಟೇ.

ಗೇಟು ಹೋದ ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಅವನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ. ಅವನು ಎದ್ದು ನಿಂತ. "ಹಾಂ ರೀ ಮಾವಾರ" ಅಂದದ್ದು ಕೇಳಿ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅಪ್ಪ ನನ್ನ ವಿಚಾರ ಏನೂ ಕೇಳಲಿಲ್ಲವಂತೆ. "ನೀವು ಕಾಲುವಿ ಕೆಲಸದವ್ರು ಅಂತಲ್ಲ. ಖರೇ ಹೇಳ್ರಿ, ನಮಗ ನೀರು ಬರ್ತಾವೋ ಇಲ್ಲೋ?" ಅಂದನಂತೆ. ಅವನ ಕೆಲಸ ಕೃಷ್ಣೆಯ ಕಡೆ, ನಾರಾಯಣಪುರದ ಕಾಲುವೆಯದು, ತುಂಗಭದ್ರೆಗೂ ಅವನಿಗೂ ಸಂಬಂಧವೇ ಇಲ್ಲ. ಅದನ್ನು ಅವನು ಹೇಳಲಿಲ್ಲ. ಗೊತ್ತಿದ್ದ ಎಂಜಿನಿಯರುಗಳಿಗೆಲ್ಲ ಫೋನ್ ಹಚ್ಚಿ ವಿಚಾರಿಸಿ, ಮರುದಿನ ರಾತ್ರಿ ತಾನೇ ಅಪ್ಪನಿಗೆ ಫೋನ್ ಮಾಡಿದ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂಡಿಸಲಿಕ್ಕೆ ನೋಡುತ್ತಿದ್ದಾರೆ, ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಎಂಜಿನಿಯರ್ ಬಂದಿದ್ದಾರೆ, ಮಳೆಗಾಲ ಇನ್ನೂ ಇದೆ, ಮತ್ತೆ ತುಂಬಬಹುದು ಅಂತ ಒಂದೊಂದೇ ಬಿಡಿಸಿ ಹೇಳಿದ. ಗೇಟು ಹೋದ ವಾರದೊಳಗೆ ಆ ಹಲಗೆಗಳು ಕೂತವು. ಆಮೇಲೆ ಮಳೆಯಾಗಿ ಡ್ಯಾಮು ಮತ್ತೆ ತುಂಬಿತು ಕೂಡ. ಅಷ್ಟೂ ದಿನ ರಾತ್ರಿ ಒಂಬತ್ತಕ್ಕೆ ಅಳಿಯ-ಮಾವನ ಜಲಮಟ್ಟದ ವರದಿ ನಡೆಯುತ್ತಿತ್ತು. ಇಷ್ಟು ಟಿಎಂಸಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾನು ಪಕ್ಕದಲ್ಲಿ ಕೂತು ಅಪ್ಪನ ದನಿ ಕೇಳುತ್ತಿದ್ದೆ. ಫೋನ್ ನನಗೆ ಕೊಡು ಅಂತ ಅಪ್ಪ ಅನ್ನಲಿಲ್ಲ, ಕೊಡು ಅಂತ ನಾನೂ ಅನ್ನಲಿಲ್ಲ.

ಸುಗ್ಗಿ ಮುಗಿದ ಮೇಲೆ, ಡಿಸೆಂಬರಿನ ಒಂದು ಭಾನುವಾರ, ಕೆಳಗೆ ಗೇಟಿನ ಸಪ್ಪಳವಾಯಿತು. ಮಹಡಿಯಿಂದ ಬಗ್ಗಿ ನೋಡಿದರೆ ಅಪ್ಪ. ಹೆಗಲ ಮೇಲೆ ಅಕ್ಕಿಯ ಸಣ್ಣ ಚೀಲ. ಮಾಲಕರ ಅಮ್ಮ ಅಂಗಳದಲ್ಲಿ ಸಂಡಿಗೆ ಹಾಕುತ್ತಿದ್ದವರು ತಲೆಯೆತ್ತಿ ಕೇಳಿದರು, "ಯಾರು ಬೇಕಾಗಿತ್ರಿ?"

"ಮಗಳ ಮನಿಗೆ ಬಂದೀನ್ರಿ."

"ಹೌದಾ? ಯಾವೂರು? ಯಾರ ಪೈಕಿ ನೀವು?"

ಮೆಟ್ಟಿಲ ಮೇಲೆ ಓಡಿ ಇಳಿಯುತ್ತಿದ್ದವಳು ಅರ್ಧದಲ್ಲೇ ನಿಂತೆ. ಅಪ್ಪ ಚೀಲ ಕೆಳಗಿಳಿಸಿ, ಬೆವರು ಒರೆಸಿಕೊಂಡು, ಊರು ಹೇಳಿದ, ಹೆಸರು ಹೇಳಿದ, ಮನೆತನ ಹೇಳಿದ, ಮಂದಿ ಯಾವುದು ಅದನ್ನೂ ಹೇಳಿದ. ಅಪ್ಪನಿಗೆ ನಮ್ಮ ಸುಳ್ಳು ಗೊತ್ತಿರಲಿಲ್ಲವಲ್ಲ. ಅಮ್ಮ ಒಮ್ಮೆ ಅಪ್ಪನ ಮುಖ, ಒಮ್ಮೆ ಮೆಟ್ಟಿಲ ಮೇಲಿದ್ದ ನನ್ನ ಮುಖ ನೋಡಿದರು. "ಬರ್ರಿ, ನೀರು ಕುಡೀರಿ" ಅಂದರು. ಅಷ್ಟೇ.

ಅಪ್ಪ ಮೇಲೆ ಬಂದು ಕುರ್ಚಿ ತುದಿಯಲ್ಲಿ ಕೂತ. ಅಳಿಯನ ಕೈಯ ರೊಟ್ಟಿ ಉಂಡ. "ಗಂಡಸರು ರೊಟ್ಟಿ ಬಡೀತಾರೇನು?" ಅಂತ ನನ್ನನ್ನು ಕೇಳಿದ. ಎರಡು ವರ್ಷ ಒಂಬತ್ತು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. "ಬಡೀತಾರಪ್ಪ" ಅಂದೆ.

ಅವತ್ತಿನಿಂದ ಕೆಳಗಿನ ಅಮ್ಮನ ಮಾತು ಕಡಿಮೆಯಾಯಿತು. ಹಬ್ಬಕ್ಕೆ ಮೇಲೆ ಬರುತ್ತಿದ್ದ ಹೋಳಿಗೆ ತಟ್ಟೆ ಸಂಕ್ರಾಂತಿಗೆ ಬರಲಿಲ್ಲ. ನಾನೇ ಒಂದು ಸಂಜೆ ಇಳಿದು ಹೋಗಿ, "ಅಮ್ಮಾ, ಅವತ್ತು ಸುಳ್ಳು ಹೇಳಿದ್ದೆ, ತಪ್ಪಾತು" ಅಂದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. "ಸುಳ್ಳು ಹೇಳಿದ್ದು ಸಿಟ್ಟು ಬಂತು ನೋಡು" ಅಂದರು. ಖರೇ ಹೇಳಿದ್ದರೆ ಮನೆ ಕೊಡುತ್ತಿದ್ದಿರಾ ಅಂತ ಕೇಳಬೇಕೆನಿಸಿತು. ಅದನ್ನು ಅವರೂ ನನ್ನ ಮುಖದಲ್ಲಿ ಓದಿಕೊಂಡಿರಬೇಕು, ಕಾಳಿನ ಬುಟ್ಟಿ ನನ್ನ ಕಡೆ ಸರಿಸಿದರು. ಇಬ್ಬರೂ ಮಾತಿಲ್ಲದೆ ಬಿಡಿಸಿ ಮುಗಿಸಿದೆವು.

ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡಬೇಕು. ಖಾಲಿ ಮಾಡಿ ಅನ್ನುತ್ತಾರೇನೋ ಅಂತ ಈ ಸಲ ಅವನು ಎರಡು ಕಡೆ ಮನೆ ನೋಡಿಟ್ಟಿದ್ದ. ಸ್ಟಾಂಪ್ ಪೇಪರ್ ಹಿಡಿದು ಕೆಳಗೆ ಹೋದಾಗ ಅಮ್ಮ ಕನ್ನಡಕ ಹಾಕಿಕೊಂಡು ಹಳೆಯ ಕರಾರನ್ನು ಪೂರ್ತಿ ಓದಿದರು. ಅದರಲ್ಲಿ ಬಾಡಿಗೆದಾರರ ಜಾಗದಲ್ಲಿ ಅವನ ಹೆಸರೊಂದೇ ಇತ್ತು.

"ಆಕಿದೂ ಬರಸ್ರಿ" ಅಂದರು. "ತಂದಿ ಹೆಸರು ಸಹಿತ ಬರಸ್ರಿ."

ಬರೆಸಿದೆವು. ಬಾಡಿಗೆ ಐನೂರು ರೂಪಾಯಿ ಜಾಸ್ತಿ ಮಾಡಿದರು.