ವಾಪಸು ಬರುವ ದಾರಿ

ಹಳೆಯ ಜೀಪಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಆಚೀಚೆ ನೆಲ ಕಾಣುತ್ತದೆ. ಆ ಖಾಲಿ ಜಾಗ ನನಗೆ ಬಲು ಇಷ್ಟ. ಕೈ ಇಳಿಬಿಟ್ಟರೆ ಕಾರ್ಬ್ಯುರೇಟರ್ ಸಿಗುತ್ತದೆ, ಡಿಸ್ಟ್ರಿಬ್ಯೂಟರ್ ಸಿಗುತ್ತದೆ. ಒಂದು ವೈರು ಹಿಡಿದರೆ ಅದು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಬೆರಳಿನಲ್ಲೇ ತಿಳಿಯಬಹುದು. ನಾನು ಕೊಂಡ ಮಹೀಂದ್ರ ಜೀಪು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಬೆಲ್ಲ ಕಾಯಿಸುವುದನ್ನು ಬಿಟ್ಟ ಆಲೆಮನೆಯೊಳಗೆ, ಬೋರಲು ಹಾಕಿದ ಕೊಪ್ಪರಿಗೆಯ ಪಕ್ಕ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಸೀಟಿನ ಮೇಲೆ ಕಬ್ಬಿನ ರಚ್ಚು. ಟೈರುಗಳಲ್ಲಿ ಗಾಳಿಯಿಲ್ಲ. ಚಾಸಿಗೆ ಮಾತ್ರ ತುಕ್ಕು ತಿಂದಿರಲಿಲ್ಲ. ಬೆಲ್ಲದ ಹೊಗೆಯ ಜಿಡ್ಡೇ ಅದನ್ನು ಕಾಪಾಡಿತೆಂದು ಮನೆಯ ಯಜಮಾನರು ಹೇಳಿದರು. ನಾನು ನಂಬಿದೆ.

ಎತ್ತರದ ಬಾನೆಟ್ಟಿನ ಈ ಮಾದರಿಯ ಹೆಸರು ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ ಹರಿಕೇನ್ ಎಂಬ 2.2 ಲೀಟರಿನ ಎಂಜಿನ್ ತಂದಾಗ ಅದರ ಇನ್‌ಲೆಟ್ ವಾಲ್ವುಗಳು ತಲೆಯ ಮೇಲೆ ಕೂತವು, ಎಂಜಿನ್ ಎತ್ತರವಾಯಿತು, ಅದಕ್ಕೆ ತಕ್ಕಂತೆ ಬಾನೆಟ್ಟನ್ನೂ ಎತ್ತರಿಸಿದರು. ಅಮೆರಿಕದಲ್ಲಿ 1968ಕ್ಕೆ ನಿಂತ ಈ ಗಾಡಿ ನಮ್ಮಲ್ಲಿ ಇನ್ನೂ ಬಹುಕಾಲ ಬಂತು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆದ ಕಂಪನಿ ಮೊದಲು ಬಿಡಿಭಾಗ ತರಿಸಿ ಜೋಡಿಸಿತು, ಆಮೇಲೆ ತಾನೇ ಮಾಡಿತು. ನಾಲೆ ಏರಿಯ ಮೇಲೆ, ಕೆಸರು ಗದ್ದೆಯ ಅಂಚಿನಲ್ಲಿ, ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಹೋಗಲು ಮಂಡ್ಯ ಸೀಮೆಗೆ ಇದಕ್ಕಿಂತ ಒಗ್ಗಿದ ವಾಹನ ಇನ್ನೊಂದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ಎಂಜಿನ್ ಕೈಯಲ್ಲಿ ತಿರುಗಿತು, ಅದರ ಚಿಂತೆ ಇರಲಿಲ್ಲ. ಕೆಟ್ಟಿದ್ದು ವೈರಿಂಗ್. ಬಟ್ಟೆ ಹೆಣೆದ ಹಳೆಯ ವೈರು ಡ್ಯಾಶ್‌ಬೋರ್ಡಿನ ಹಿಂದೆ ಒಂದಿಷ್ಟು ಉಳಿದಿತ್ತು. ಮಿಕ್ಕದ್ದೆಲ್ಲ ಒಬ್ಬೊಬ್ಬ ಯಜಮಾನ ತನ್ನ ಕಾಲದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದದ್ದು: ಮನೆ ವೈರಿಂಗಿನ ಕೆಂಪು ವೈರು, ಟೇಪ್‌ರೆಕಾರ್ಡರಿನ ಸ್ಪೀಕರ್ ವೈರು, ಹೆಡ್‌ಲೈಟಿಗೆ ಪಂಪ್‌ಸೆಟ್ಟಿನ ಕೇಬಲ್ಲಿನಿಂದ ಸೀಳಿದ ಒಂದು ಎಳೆ. ಇಲಿ ಕಡಿದ ಕಡೆ ತಾಮ್ರ ಹಸಿರುಗಟ್ಟಿತ್ತು. ಚಾಕುವಿನಿಂದ ರಬ್ಬರ್ ಸೀಳಿದರೆ ಒಳಗಿನ ಎಳೆಗಳು ಗೇಣುದ್ದಕ್ಕೂ ಕಪ್ಪಗಾಗಿದ್ದವು. ಅಂಥ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯುವುದೇ ಸರಿ ಎಂದು ಮಳವಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಹೇಳಿದರು, ಹೇಳಿ ಜೊತೆಗೂ ಕೂತರು.

ಕೀಳುವ ಮೊದಲು ಅವರು ಒಂದು ಪರೀಕ್ಷೆ ಮಾಡಿದರು. ಹೊಸ ಬ್ಯಾಟರಿ ಕೊಟ್ಟು, ಸೆಲ್ಫ್ ಹೊಡೆಯಲು ನನಗೆ ಹೇಳಿ, ತಾವು ಚೋಕ್ ಕೇಬಲ್ಲನ್ನು ಹಿಡಿದುಕೊಂಡರು. ಮೋಟಾರು ಸೋತ ದನಿಯಲ್ಲಿ ಒಮ್ಮೆ ಮುಲುಗಿತು. "ಮುಟ್ಟಿ ನೋಡಣ್ಣ" ಅಂದರು. ಕೇಬಲ್ ಬಿಸಿಯಾಗಿತ್ತು! ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅಲ್ಲಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಅದನ್ನು ಯಾರೋ ಯಾವತ್ತೋ ಬಿಚ್ಚಿ ಮತ್ತೆ ಹಾಕಿರಲಿಲ್ಲ. ಸ್ಟಾರ್ಟರಿಗೆ ಹೋದ ನೂರಾರು ಆಂಪಿಯರು ಬ್ಯಾಟರಿಗೆ ಮರಳಲು ಬೇರೆ ದಾರಿ ಕಾಣದೆ ಚೋಕಿನ ತೆಳು ತಂತಿಯನ್ನು ಹಿಡಿದಿತ್ತು. "ಎಲ್ರೂ ಪ್ಲಸ್ಸನ್ನೇ ಎಳ್ದವ್ರೆ ಕಣಣ್ಣ. ವಾಪಸ್ ಬರಕ್ಕೆ ದಾರಿ ಎಲ್ ಮಡಗವ್ರೆ?" ಬಣ್ಣ ಉಜ್ಜಿ, ಬೆಳ್ಳಗೆ ಲೋಹ ಕಾಣುವಂತೆ ಮಾಡಿ, ಹೊಸ ಪಟ್ಟಿ ಬಿಗಿದದ್ದೇ ಸೆಲ್ಫ್‌ನ ದನಿ ಬದಲಾಯಿತು. ಇನ್ನೂ ಒಂದು ವೈರನ್ನೂ ಬದಲಿಸಿರಲಿಲ್ಲ. ಅಂದಿನಿಂದ ನಾನು ಯಾವ ದೀಪ ಮಂಕಾದರೂ ಮೊದಲು ಆ ವಾಪಸು ದಾರಿಯನ್ನು, ಅಂದರೆ ಅರ್ತ್, ನೋಡುತ್ತೇನೆ.

ಆಮೇಲಿನದು ನಿಧಾನದ, ಸುಖದ ಕೆಲಸ. ಲೂಕಾಸ್ ಪದ್ಧತಿಯ ಬಣ್ಣಗಳನ್ನೇ ಇಟ್ಟುಕೊಂಡೆವು: ಬ್ಯಾಟರಿಯಿಂದ ನೇರ ಬರುವುದಕ್ಕೆ ಕಂದು, ಇಗ್ನಿಷನ್ನಿಗೆ ಬಿಳಿ, ಹೆಡ್‌ಲೈಟಿಗೆ ನೀಲಿ, ಅರ್ತಿಗೆ ಕಪ್ಪು. ಆಲೆಮನೆಯ ನೆಲದ ಮೇಲೆ ಜೀಪಿನ ಅಳತೆಗೆ ವೈರುಗಳನ್ನು ಹಾಸಿ, ಕವಲು ಬರುವಲ್ಲೆಲ್ಲ ದಾರ ಕಟ್ಟಿದೆವು. ಹೂ ಕಟ್ಟಿದ ಹಾಗೆ. ಹೆಡ್‌ಲೈಟಿನ ದಾರಿ ಮಾತ್ರ ಬದಲಿಸಿದೆವು. ಹಳೆಯದರಲ್ಲಿ ಕರೆಂಟು ಅಮ್ಮೀಟರಿಗೆ ಬಂದು, ಸ್ವಿಚ್ಚಿಗೆ ಹೋಗಿ, ಕಾಲ ಬಳಿಯ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಓಡಬೇಕಿತ್ತು, ತಲುಪುವಷ್ಟರಲ್ಲಿ ಸೊರಗುತ್ತಿತ್ತು. ಈಗ ರೇಡಿಯೇಟರ್ ಪಕ್ಕದ ರಿಲೇಗೆ ಬ್ಯಾಟರಿಯಿಂದ ದಪ್ಪ ವೈರು ಬರುತ್ತದೆ, ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ. 60 ವಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ವಿಲ್ಲಿಸ್ ಜೀಪುಗಳು ಮೊದಮೊದಲು 6 ವೋಲ್ಟಿನವು. ಅಷ್ಟೇ ಬೆಳಕಿಗೆ ಅವುಗಳಲ್ಲಿ 20 ಆಂಪಿಯರ್ ಹರಿಯಬೇಕಿತ್ತು, ಅದೇ ವೈರಿನಲ್ಲಿ ಸೋರಿಹೋಗುವ ಶಕ್ತಿ ನಾಲ್ಕು ಪಟ್ಟು.

ಮಳವಳ್ಳಿ ತಾಲ್ಲೂಕಿನಲ್ಲಿ ಕೂತು ಈ ಲೆಕ್ಕ ಹಾಕುವಾಗ ಶಿವನಸಮುದ್ರ ನೆನಪಾಗದೆ ಇರುವುದಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಜಲವಿದ್ಯುತ್ ಕೇಂದ್ರದ ಕೆಲಸ ಮುಗಿದು, 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹೋಯಿತು. ದಾರಿಯಲ್ಲೇ ತಂತಿ ಬಿಸಿಯಾಗಿ ಶಕ್ತಿ ಹಾಳಾಗಬಾರದೆಂದು ವೋಲ್ಟೇಜನ್ನು 35,000ಕ್ಕೆ ಏರಿಸಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನನ್ನ ಬಾನೆಟ್ಟಿನಡಿಯ ಮಾರುದ್ದದ ನೀಲಿ ವೈರಿಗೂ ಆ ಲೈನಿಗೂ ನಿಯಮ ಒಂದೇ ಎಂದು ಹೊಳೆದಾಗ ಆದ ಸಂತೋಷ ಇನ್ನೂ ಹಾಗೇ ಇದೆ.

ಪಾಯಿಂಟ್ ಉಜ್ಜಿ, ಕಂಡೆನ್ಸರ್ ಬದಲಿಸಿ, ಪೆಟ್ರೋಲು ಸುರಿದ ಮೇಲೆ ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿ ಎಂದವರು ಬಹಳ ಮಂದಿ. ನಾನು ಹಾಕಿಸಲಿಲ್ಲ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅಮ್ಮೀಟರಿನ ಮುಳ್ಳು ಮೈನಸ್ ಕಡೆ ವಾಲುತ್ತದೆ, ಆಕ್ಸಿಲರೇಟರ್ ಒತ್ತಿದರೆ ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಕಟೌಟು ಟಕ್ಕೆಂದು ಕೂಡಿ ಮುಳ್ಳು ಪ್ಲಸ್ಸಿಗೆ ಏಳುತ್ತದೆ. ಗಾಡಿಯ ಆದಾಯ ಖರ್ಚು ಕಣ್ಣೆದುರೇ ಕಾಣುವಾಗ ಅದನ್ನು ಯಾಕೆ ಕಳೆದುಕೊಳ್ಳಲಿ?

ಹಾರನ್ ಒಂದು ಬಾಕಿ. ಇದರ ಹಾರನ್ನಿಗೆ ಕರೆಂಟು ಯಾವಾಗಲೂ ಬಂದು ನಿಂತಿರುತ್ತದೆ. ಸ್ಟಿಯರಿಂಗ್ ನಡುವಿನ ಗುಂಡಿ ಒತ್ತಿದರೆ ಅದಕ್ಕೆ ಅರ್ತ್ ಸಿಗುತ್ತದೆ, ಆಗ ಕೂಗುತ್ತದೆ. ಕೊಳವೆಯೊಳಗಿನ ಆ ವೈರು ತುಂಡಾಗಿದೆ. ಹೊಸದು ಎಳೆಯಲು ಸ್ಟಿಯರಿಂಗ್ ಬಿಚ್ಚಬೇಕು. ಎಲೆಕ್ಟ್ರಿಷಿಯನ್ನರ ಗದ್ದೆಯಲ್ಲಿ ಈಗ ಕಬ್ಬು ಕಟಾವು. ಲಾರಿ ಹೋದ ಮೇಲೆ ಬರುತ್ತೇನೆ ಅಂದಿದ್ದಾರೆ.