ಗಸಗಸೆಯ ಬಳಗ

ಹಬ್ಬದ ಊಟದಲ್ಲಿ ಎಲೆಯ ಮೇಲೆ ಬಿಸಿಬಿಸಿ ಗಸಗಸೆ ಪಾಯಸ ಬಿದ್ದರೆ ಆ ಮಧ್ಯಾಹ್ನ ಕಣ್ಣು ತಾನಾಗಿ ಎಳೆಯುತ್ತದೆ ಎಂಬುದು ನಮ್ಮ ಹಾಸನ ಸೀಮೆಯ ಮನೆಮನೆಯ ಮಾತು. ಗಸಗಸೆಯನ್ನೂ ಒಂದು ಹಿಡಿ ಅಕ್ಕಿಯನ್ನೂ ಘಮ್ಮೆನ್ನುವ ತನಕ ಹುರಿದು, ಅರಸೀಕೆರೆ ಕಡೆಯ ತೆಂಗಿನಕಾಯಿಯ ತುರಿ, ನಾಲ್ಕು ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ, ಬೆಲ್ಲದ ನೀರಿನಲ್ಲಿ ಕುದಿಸಿದರೆ ಪಾಯಸ ಸಿದ್ಧ. ಅದರ ರುಚಿ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಗಸಗಸೆ ಬಿಡುವ ಗಿಡ ಹೇಗಿರುತ್ತದೆ, ಅದರ ಎಲೆ ಎಂಥದು, ಹೂವು ಯಾವ ಬಣ್ಣದ್ದು ಎಂದು ಕೇಳಿ ನೋಡಿ. ಹತ್ತು ಜನರಲ್ಲಿ ಒಬ್ಬರು ಹೇಳಿದರೆ ಹೆಚ್ಚು.

ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಗಿಡ ನಮ್ಮ ಕಣ್ಣಿಗೆ ಬೀಳುವಂತೆಯೇ ಇಲ್ಲ. ಅದರ ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಅಫೀಮು. ಬೀಜದೊಳಗೆ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಕಾಯಿಯ ಸಿಪ್ಪೆಯ ಹಾಲಿನಲ್ಲಿ. ಹಾಗಾಗಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಈ ಬೆಳೆಯನ್ನು ಪರವಾನಗಿ ಇಲ್ಲದೆ ಯಾರೂ ಬೆಳೆಯುವಂತಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ, ಗ್ವಾಲಿಯರ್‌ನಲ್ಲಿರುವ ಕೇಂದ್ರ ನಾರ್ಕೋಟಿಕ್ಸ್ ಬ್ಯೂರೋದ ಪರವಾನಗಿ ಪಡೆದ ರೈತರು ಬೆಳೆಯುತ್ತಾರೆ. ಹಾಲು ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳ ಪಾಲು, ಬೀಜ ದಿನಸಿ ಅಂಗಡಿಯ ಪಾಲು. ಕೊಳ್ಳಲು, ತಿನ್ನಲು ನಮಗೆ ಅಡ್ಡಿಯಿಲ್ಲ, ಬಿತ್ತಲು ಅಡ್ಡಿಯಿದೆ. ಸಿಕ್ಕಿಬಿದ್ದರೆ 10 ವರ್ಷದವರೆಗೂ ಕಠಿಣ ಸಜೆ ಆಗಬಹುದು. ಯುಎಇಯಂಥ ಕಡೆ ಬೀಜಕ್ಕೂ ನಿಷೇಧವಿದೆ. ದುಬೈಗೆ ಹೊರಟ ಮಕ್ಕಳ ಪೆಟ್ಟಿಗೆಗೆ ಹಪ್ಪಳ, ಚಟ್ನಿಪುಡಿ ತುಂಬುವ ತಾಯಂದಿರು ಗಸಗಸೆ ಪೊಟ್ಟಣವನ್ನು ಮಾತ್ರ ಮನೆಯಲ್ಲೇ ಉಳಿಸಿಕೊಳ್ಳಬೇಕು.

ಗಸಗಸೆ ಗಿಡ ಎಂದೊಡನೆ ನಮ್ಮ ಕಡೆಯ ಮಕ್ಕಳು ಕೈತೋರಿಸುವುದೇ ಬೇರೆಯದನ್ನು. ಮನೆ ಮುಂದೆ, ಶಾಲೆಯ ಕಾಂಪೌಂಡಿನಲ್ಲಿ ಕೊಡೆಯಂತೆ ಹರಡಿ ನಿಂತ ಗಸಗಸೆ ಹಣ್ಣಿನ ಮರ ಅದು. ಬಿಳಿ ಹೂವು, ಐದು ಎಸಳು, ಅಂಟಂಟಾದ ಎಲೆ. ಕೆಂಪಾದ ಪುಟ್ಟ ಹಣ್ಣನ್ನು ಬಾಯಿಗೆ ಹಾಕಿಕೊಂಡರೆ ಸಕ್ಕರೆಯ ಸಿಹಿ, ನಾಲಿಗೆಗೆ ಸಣ್ಣ ಬೀಜಗಳ ಮರಳು. ಹಗಲು ಪಿಕಳಾರ, ರಾತ್ರಿ ಬಾವಲಿ ಇದಕ್ಕೆ ಮುತ್ತುತ್ತವೆ. ಪಾಯಸದ ಗಸಗಸೆಗೂ ಇದಕ್ಕೂ ಬೀಜದ ಗಾತ್ರ ಬಿಟ್ಟರೆ ಬೇರೆ ಸಂಬಂಧವಿಲ್ಲ. ಇದು ಅಮೆರಿಕ ಖಂಡದ ಮರ, ಬೇರೆಯೇ ಕುಟುಂಬದ್ದು. ಬಳಗ ಪಟ್ಟಿ ಮಾಡುವಾಗ ಮೊದಲು ಇದನ್ನು ಹೊರಗಿಡಬೇಕು.

ಹಾಗಾದರೆ ಅಫೀಮು ಗಸಗಸೆಯ ನಿಜವಾದ ರಕ್ತಸಂಬಂಧಿ ನಮ್ಮ ಸೀಮೆಯಲ್ಲಿ ಯಾರೂ ಇಲ್ಲವೇ? ಇದ್ದಾನೆ. ದಿನವೂ ನೋಡುತ್ತೇವೆ, ಆದರೆ ನೆಂಟನೆಂದು ತಿಳಿದಿಲ್ಲ. ಅರಸೀಕೆರೆ ಜಂಕ್ಷನ್ನಿನಿಂದ ಹೊರಟ ರೈಲುಹಳಿಯ ಬದಿ, ಬಾಣಾವರದ ಕಡೆಯ ಬೀಳು ಹೊಲ, ಹಳೇಬೀಡಿಗೆ ಹೋಗುವ ರಸ್ತೆಯಂಚು, ಎಲ್ಲಿ ಮಣ್ಣು ಕೆದಕಿ ಒಣಗಲು ಬಿಟ್ಟಿದ್ದಾರೋ ಅಲ್ಲೆಲ್ಲ ಚಳಿ ಮುಗಿಯುವ ಹೊತ್ತಿಗೆ ಹಳದಿ ಹೂವಿನ ಒಂದು ಮುಳ್ಳುಗಿಡ ಎದ್ದಿರುತ್ತದೆ. ಹೊಲದಂಚಿನಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿಯನ್ನು, "ಇದೇನು ಗಿಡ ಅಜ್ಜಿ?" ಎಂದು ಕೇಳಿದೆ. "ದತ್ತೂರಿ ಕಣಪ್ಪ. ಮುಟ್ಟಬ್ಯಾಡ, ಮುಳ್ಳು ಚುಚ್ಚುತ್ತೆ. ದನಾನೂ ಬಾಯಿ ಹಾಕಕಿಲ್ಲ" ಎಂದರು. ಅರಿಶಿನ ಉಮ್ಮತ್ತಿ ಎಂದೂ ಇದನ್ನು ಕರೆಯುವವರಿದ್ದಾರೆ. ವಿಜ್ಞಾನದ ಪುಸ್ತಕದಲ್ಲಿ ಇದು ಆರ್ಜಿಮೋನ್ ಮೆಕ್ಸಿಕಾನಾ, ಇಂಗ್ಲಿಷಿನಲ್ಲಿ ಪಾಪಿ ಎಂದು ಕರೆಯುವ ಗಸಗಸೆ ಕುಟುಂಬದ ಅಪ್ಪಟ ಕುಡಿ.

ಮುಳ್ಳನ್ನು ಲೆಕ್ಕಿಸದೆ ಒಂದು ದತ್ತೂರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಎಲೆ ಬೂದು ಹಸಿರು, ನರದ ಗುಂಟ ಬಿಳಿ ಪಟ್ಟೆ, ಅಂಚಿನ ಪ್ರತಿ ಹಲ್ಲಿನ ತುದಿಗೂ ಒಂದು ಮುಳ್ಳು. ಎಲೆಗೆ ತೊಟ್ಟಿಲ್ಲ, ಬುಡವೇ ಕಾಂಡವನ್ನು ತಬ್ಬಿಕೊಂಡಿದೆ. ಮೊಗ್ಗಿನ ನೆತ್ತಿಯಲ್ಲಿ ಸಣ್ಣ ಕೊಂಬುಗಳಿವೆ. ಮೊಗ್ಗು ಬಿರಿದೊಡನೆ ಆ ಕೊಂಬಿನ ಹೊದಿಕೆ ಕಳಚಿ ಬೀಳುತ್ತದೆ, ಸಾಮಾನ್ಯವಾಗಿ ಆರು ಎಸಳು ಬಿಚ್ಚಿಕೊಳ್ಳುತ್ತವೆ. ನಡುವೆ ಕೇಸರಗಳ ಹಳದಿ ಗೊಂಚಲು, ಅದರ ನಟ್ಟನಡುವೆ ಕಡುಗೆಂಪು ಬೊಟ್ಟು. ಎಲೆಯೊಂದನ್ನು ಚಿವುಟಿದರೆ ಅರಿಶಿನ ಬಣ್ಣದ ಹಾಲು ಕ್ಷಣದಲ್ಲಿ ಜಿನುಗುತ್ತದೆ. ಮುಳ್ಳುಮುಳ್ಳಾದ ಕಾಯಿ ಒಣಗಿದಾಗ ತುದಿಯಲ್ಲಿ ಸೀಳುಬಿಟ್ಟುಕೊಂಡು ಕಪ್ಪು ಬೀಜ ಉದುರಿಸುತ್ತದೆ. ಮುಳ್ಳಿನ ಕಾಯಿ ಎಂದೊಡನೆ ಶಿವಪೂಜೆಯ ಉಮ್ಮತ್ತಿಯೇ ಎಂದುಕೊಳ್ಳುವವರುಂಟು. ಉಮ್ಮತ್ತಿಯ ಹೂವು ಉದ್ದನೆಯ ಕಹಳೆ, ಎಲೆಗೆ ಮುಳ್ಳಿಲ್ಲ, ಹಳದಿ ಹಾಲೂ ಇಲ್ಲ. ಅದು ಬದನೆಯ ಕುಟುಂಬ.

ಈ ಹಾಲಿನ ಬಣ್ಣ ನಮ್ಮ ವೈದ್ಯರಲ್ಲೂ ಒಂದು ಚರ್ಚೆ ಎಬ್ಬಿಸಿದೆ. ಆಯುರ್ವೇದದ ಹಳೆಯ ಗ್ರಂಥಗಳು ಹೇಳುವ ಸ್ವರ್ಣಕ್ಷೀರಿ ಇದೇ ಎಂದು ಹಲವರು ಬಳಸುತ್ತಾ ಬಂದಿದ್ದಾರೆ. ಆದರೆ ದತ್ತೂರಿಯ ತವರು ಅಮೆರಿಕ ಖಂಡ. ಚರಕ, ಸುಶ್ರುತರ ಕಾಲದಲ್ಲಿ ಅದು ಇಲ್ಲಿಗೆ ಹೇಗೆ ಬಂತು ಎಂದು ಕೇಳುವ ವಿದ್ವಾಂಸರು, ಹಿಂದಿನವರ ಸ್ವರ್ಣಕ್ಷೀರಿ ಬೇರೊಂದು ಗಿಡವೇ ಇರಬೇಕು ಎನ್ನುತ್ತಾರೆ. ಒಂದೇ ಲಕ್ಷಣ ನೋಡಿ ಹೆಸರಿಟ್ಟರೆ ಆಗುವ ತೊಡಕು ಇದು.

ಇಂಥದೇ ತೊಡಕು ನಮ್ಮ ಹೊಯ್ಸಳ ಶಿಲ್ಪದ ಸುತ್ತಲೂ ಎದ್ದಿತ್ತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ದೇಗುಲ ಮೂರನ್ನೂ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಯ್ಸಳ ಗೋಡೆಗಳಲ್ಲಿ ಬಳ್ಳಿ, ಹೂವು, ಹಣ್ಣುಗಳಿಗೆ ಲೆಕ್ಕವಿಲ್ಲ. ಕೆಲವು ವಿಗ್ರಹಗಳ ಕೈಯಲ್ಲಿ ಕಾಳು ಕಾಳಾಗಿ ಪೋಣಿಸಿದಂತಿರುವ ಉದ್ದನೆಯ ಒಂದು ಫಲವಿದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ಅದು ಮುಸುಕಿನ ಜೋಳದ ತೆನೆ ಎಂದು ಬರೆದರು. ಹಾಗಾದರೆ ಕೊಲಂಬಸ್‌ಗಿಂತ ಮೊದಲೇ ಮೆಕ್ಕೆಜೋಳ ಕನ್ನಡನಾಡಿಗೆ ಬಂದಿತ್ತು ಎಂದಾಗುತ್ತದೆ. ಭಾರತದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದನ್ನು ಒಪ್ಪದೆ, ಅದು ಮುತ್ತು ಪೋಣಿಸಿದ ಮುಕ್ತಾಫಲ, ಶಿಲ್ಪಿಯ ಕಲ್ಪನೆ ಎಂದರು. ಎರಡು ಕಡೆಯವರೂ ನೋಡಿದ್ದು ಒಂದೇ ಕಲ್ಲನ್ನು. ಬಳಪದ ಕಲ್ಲು ಎಷ್ಟೇ ನವಿರಾಗಿದ್ದರೂ ಕೊಡುವುದು ಆಕಾರವೊಂದನ್ನೇ. ಅದನ್ನು ಚಿವುಟಿ ಹಾಲು ನೋಡುವ ಹಾಗಿಲ್ಲ, ಬೀಜ ಒಡೆದು ನೋಡುವ ಹಾಗಿಲ್ಲ. ಬದುಕಿರುವ ಗಿಡ ಅಷ್ಟು ಬಿಗಿಮುಷ್ಟಿಯದಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ.

ಹಾಗೆ ಕೇಳುತ್ತಾ ಹೋಗುವುದನ್ನು ಕಲಿಸುವ ಒಂದು ದೊಡ್ಡ ಪುಸ್ತಕ ನಮ್ಮ ಜಿಲ್ಲೆಯ ಮೇಲೆಯೇ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಿಸಿಲ್ ಸಲ್ದಾನಾ ಎಂಬ ಪಾದ್ರಿ-ಸಸ್ಯಶಾಸ್ತ್ರಜ್ಞರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜತೆಗೂಡಿ 1976ರಲ್ಲಿ ಹೊರತಂದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್'. 900 ಪುಟ ಮೀರಿದ ಗ್ರಂಥ. ಅರಸೀಕೆರೆಯ ಒಣ ಬಯಲಿನಿಂದ ಸಕಲೇಶಪುರದ ಘಟ್ಟದ ಕಾಡಿನವರೆಗೆ ಒಂದು ಜಿಲ್ಲೆಯ ಸಸ್ಯಗಳನ್ನು ಇಷ್ಟು ಅಚ್ಚುಕಟ್ಟಾಗಿ ದಾಖಲಿಸಿದ ಭಾಗ್ಯ ಎಲ್ಲ ಜಿಲ್ಲೆಗಳಿಗಿಲ್ಲ. ಇಂಥ ಗ್ರಂಥಗಳಲ್ಲಿ ಗಿಡ ಗುರುತಿಸುವುದು ಜೋಡಿ ಪ್ರಶ್ನೆಗಳಿಂದ. ಹಾಲು ಇದೆಯೋ ಇಲ್ಲವೋ, ಎಸಳು ಬಿಡಿಯೋ ಕೂಡಿಯೋ, ಕಾಯಿ ತೂತಿನಿಂದ ತೆರೆಯುತ್ತದೋ ಸೀಳಿನಿಂದಲೋ. ಹೌದಾದರೆ ಇತ್ತ, ಇಲ್ಲವಾದರೆ ಅತ್ತ. ಬಣ್ಣದ ಪ್ರಶ್ನೆ ಬರುವುದು ಬಹಳ ಕಡಿಮೆ, ಯಾಕೆಂದರೆ ಬಣ್ಣದಷ್ಟು ಮೋಸ ಮಾಡುವ ಗುರುತು ಇನ್ನೊಂದಿಲ್ಲ.

ತೋಟದ ಪಾಪಿಗಳಿಗೆ ಈ ಮಾತು ಪೂರಾ ಸಲ್ಲುತ್ತದೆ. ಬೇಲೂರು, ಹಳೇಬೀಡು ಸಮುದ್ರಮಟ್ಟದಿಂದ 3000 ಅಡಿ ಆಸುಪಾಸಿನಲ್ಲಿವೆ. ಮಳೆ ಹಿಂದೆಗೆಯುವ ಹೊತ್ತಿಗೆ ಬಿತ್ತಿದರೆ ಇಲ್ಲಿನ ಚಳಿಗೆ ಪಾಪಿಗಳು ಚೆನ್ನಾಗಿ ಒಗ್ಗುತ್ತವೆ. ಬೀಜ ಬಲು ನಯ, ಮರಳಿನ ಜತೆ ಬೆರೆಸಿ ಪಾತಿಯ ಮೇಲೆ ತೆಳ್ಳಗೆ ಉದುರಿಸಿದರೆ ಸಾಕು. ತಾಯಿಬೇರು ನೇರ ಇಳಿಯುವ ಜಾತಿಯಾದ್ದರಿಂದ ಕಿತ್ತು ನೆಟ್ಟರೆ ಸೊರಗುತ್ತವೆ. ಬಿತ್ತಿದ ಜಾಗದಲ್ಲೇ ಬೆಳೆಯಲಿ.

ಕೆಂಪು ಪಾಪಿ ಇವುಗಳಲ್ಲಿ ಮೊದಲನೆಯದು. ಯುರೋಪಿನ ಗೋಧಿ ಹೊಲದ ಕಳೆ, ಯುದ್ಧದಲ್ಲಿ ಮಡಿದವರ ನೆನಪಿಗೆ ನವೆಂಬರ್ 11ರಂದು ಅಲ್ಲಿನವರು ಎದೆಗೆ ಸಿಕ್ಕಿಸಿಕೊಳ್ಳುವ ಹೂವು. ಸೀಳು ಸೀಳಾದ ಹಸಿರೆಲೆ, ದಂಟಿನ ತುಂಬ ಚುಚ್ಚುಗೂದಲು. ಮೊಗ್ಗು ತಲೆತಗ್ಗಿಸಿಕೊಂಡಿದ್ದು, ಅರಳುವ ಮುಂಚೆ ನೆಟ್ಟಗಾಗುತ್ತದೆ. ಹೊದಿಕೆಯ ಎರಡು ಹೋಳು ಕಳಚಿದಾಗ ಒಳಗಿನ ನಾಲ್ಕು ಎಸಳು ಸುಕ್ಕುಸುಕ್ಕಾಗಿ ಹೊರಬಂದು, ನೋಡನೋಡುತ್ತಿದ್ದಂತೆ ಬಿಸಿಲಿಗೆ ನೆರಿಗೆ ಬಿಡಿಸಿಕೊಳ್ಳುತ್ತವೆ. ಮುರಿದರೆ ಬಿಳಿ ಹಾಲು. ಕಾಯಿ ಪುಟ್ಟದು, ಮುಚ್ಚಳದ ಕೆಳಗೆ ಸುತ್ತಲೂ ತೂತು, ಗಾಳಿಗೆ ಅಲ್ಲಾಡಿದಾಗ ಬೀಜ ಸಿಡಿಯುತ್ತದೆ. ಬಿಳಿ, ಗುಲಾಬಿ, ಕಿತ್ತಳೆ ಬಣ್ಣದ ಶರ್ಲಿ ಪಾಪಿಗಳೂ ಇದೇ ಜಾತಿ. ಇಂಗ್ಲೆಂಡಿನ ಶರ್ಲಿ ಎಂಬಲ್ಲಿನ ಪಾದ್ರಿ ವಿಲಿಯಂ ವಿಲ್ಕ್ಸ್ ಸುಮಾರು 1880ರಲ್ಲಿ ತಮ್ಮ ತೋಟದ ಮೂಲೆಯಲ್ಲಿ, ಎಸಳಿನಂಚಿಗೆ ಬಿಳಿ ಗೆರೆಯಿದ್ದ ಒಂದು ಹೂವನ್ನು ಕಂಡು ಬೀಜ ಕಾಪಿಟ್ಟರು. ವರ್ಷ ವರ್ಷ ಆರಿಸಿ ಆರಿಸಿ ಈ ಬಣ್ಣಗಳನ್ನೆಲ್ಲ ಹೊರತೆಗೆದರು. ಅಷ್ಟೊಂದು ಕೆಂಪು ಹೂವಿನ ನಡುವೆ ಆ ಬಿಳಿ ಗೆರೆ ಅವರ ಕಣ್ಣಿಗೆ ಬಿದ್ದಿತಲ್ಲ, ಅದು ದೊಡ್ಡದು.

ಕ್ಯಾಲಿಫೋರ್ನಿಯಾ ಪಾಪಿಯನ್ನು ಗುರುತಿಸುವುದು ಇನ್ನೂ ಸುಲಭ. ಎಲೆ ಸಬ್ಬಸಿಗೆ ಸೊಪ್ಪಿನಷ್ಟು ಸಣ್ಣಗೆ ಸೀಳಿರುತ್ತದೆ. ಮೊಗ್ಗಿನ ಮೇಲೆ ಚೂಪು ಟೋಪಿ, ಅರಳುವಾಗ ಅದು ಇಡಿಯಾಗಿ ಕಳಚುತ್ತದೆ. ಕಾಯಿ ದುಂಡಗಿರದೆ ಉದ್ದ ಕೋಡು. ಒಣಗಿದಾಗ ಪಟ್ಟೆಂದು ಸಿಡಿಯುತ್ತದೆ. ಮೋಡವಿದ್ದರೆ ಹೂವು ಮುಚ್ಚಿಕೊಂಡೇ ಇರುತ್ತದೆ. ಐಸ್‌ಲ್ಯಾಂಡ್ ಪಾಪಿಯ ಎಲೆಯೆಲ್ಲ ಬುಡದಲ್ಲೇ. ಬರಿಯ ದಂಟೊಂದು ಮೇಲೆದ್ದು ತುದಿಯಲ್ಲಿ ಒಂದೇ ಹೂವು.

ಇನ್ನು ಅಫೀಮು ಗಸಗಸೆಯ ಗುರುತು. ಅಲಂಕಾರದ ಹೂವಿನ ಬೀಜ ಎಂದು ತರಿಸಿದ ಪೊಟ್ಟಣದಲ್ಲಿ ಇದೂ ಬೆರೆತಿರಬಹುದು, ಮುದ್ದೆ ಮುದ್ದೆಯಾದ ಬಹುದಳದ ಹೂವಾಗಿಯೂ ಬರಬಹುದು. ಅಡುಗೆಮನೆಯ ಗಸಗಸೆ ಕಸದ ಗುಂಡಿಗೆ ಬಿದ್ದು ಮೊಳೆತರೂ ಮೊಳೆತೀತು. ಎಲೆ ದಪ್ಪ, ಬೂದಿ ಮೆತ್ತಿದಂಥ ನೀಲಿ ಹಸಿರು, ಮುಳ್ಳಿಲ್ಲದ ನುಣುಪು, ಬುಡ ಕಾಂಡವನ್ನು ತಬ್ಬಿರುತ್ತದೆ. ಕಾಯಿ ದೊಡ್ಡದು, ದುಂಡನೆಯದು, ನುಣುಪು, ನೆತ್ತಿಯ ಮೇಲೆ ಕಿರೀಟ. ಹೂವು ಬಿಳಿಯಿರಲಿ, ನೇರಳೆಯಿರಲಿ, ಈ ಎಲೆ ಮತ್ತು ಈ ಕಾಯಿ ಕಂಡರೆ ಅನುಮಾನಕ್ಕೆ ಜಾಗವಿಲ್ಲ.

ಗುರುತು ತಪ್ಪಿದರೆ ಏನಾದೀತು ಎನ್ನುವವರಿಗೆ ದತ್ತೂರಿ ಬೀಜದ ಕಥೆ ಸಾಕು. ಅದು ನೋಡಲು ಸಾಸಿವೆಯೇ. ಸಾಸಿವೆ ಹೊಲದಲ್ಲಿ ಬೆಳೆದು ಕೊಯ್ಲಿನಲ್ಲಿ ಬೆರೆಯುತ್ತದೆ, ಲಾಭಕ್ಕೆ ಬೆರೆಸುವವರೂ ಇದ್ದಾರೆ. ಅದರ ಎಣ್ಣೆಯಲ್ಲಿರುವ ಸಾಂಗ್ವಿನಾರಿನ್ ಎಂಬ ವಿಷದಿಂದ ಕಾಲು ಊದಿಕೊಂಡು, ಉಸಿರು ಕಟ್ಟಿ, ಹೃದಯ ಸೋಲುತ್ತದೆ. ಕಲ್ಕತ್ತೆಯಲ್ಲಿ 1877ರಲ್ಲೇ ಈ ಕಾಯಿಲೆ ಕಾಣಿಸಿತ್ತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಸಾಸಿವೆ ಎಣ್ಣೆಯ ಅಡುಗೆ ಕಡಿಮೆ, ಆದರೆ ಒಗ್ಗರಣೆ ಡಬ್ಬಿಯಿಲ್ಲದ ಮನೆಯಿಲ್ಲ. ನಾಲ್ಕು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಸಾಸಿವೆಯ ಮೈ ನುಣುಪು, ಒತ್ತಿ ಒಡೆದರೆ ಒಳಗೆ ಹಳದಿ. ದತ್ತೂರಿಯ ಮೈ ಒರಟು, ಒಡೆದರೆ ಒಳಗೆ ಬಿಳಿ.

ಗಿಡದ ಹೆಸರು ಗೊತ್ತಿರುವುದು ಹವ್ಯಾಸವಷ್ಟೇ ಅಲ್ಲ, ಬದುಕಿಗೆ ಬೇಕಾದ ತಿಳಿವಳಿಕೆ. ನಮ್ಮ ಶಾಲೆಗಳ ಮಕ್ಕಳು ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗಿ ಕಲ್ಲಿನ ಬಳ್ಳಿಯನ್ನು ನೋಡಿ ಬರುತ್ತಾರೆ. ಮೇಷ್ಟರುಗಳಲ್ಲಿ ಒಂದು ಕೋರಿಕೆ: ಬಸ್ಸು ಹತ್ತಿಸುವ ಮುಂಚೆ ರಸ್ತೆಬದಿಯ ಒಂದು ದತ್ತೂರಿಯ ಹತ್ತಿರ ಹತ್ತು ನಿಮಿಷ ನಿಲ್ಲಿಸಿ. ಮೊಗ್ಗು, ಎಲೆ, ಹಾಲು, ಕಾಯಿ, ಬೀಜ ಐದನ್ನೂ ತೋರಿಸಿ, ಆಮೇಲೆ ಕೈ ತೊಳೆಸಿ. ಮನೆಯ ತೋಟದಲ್ಲಿ ಪಾಪಿ ಬೆಳೆಸುವವರೂ ಈ ಐದನ್ನು ನೋಡಿಯೇ ಹೆಸರು ಹೇಳಲಿ. ನುಣುಪು ಬೂದುಹಸಿರೆಲೆ ಕಾಂಡವನ್ನು ತಬ್ಬಿದ್ದರೆ ಹೂ ಬಿಡುವ ಮೊದಲೇ ಕಿತ್ತುಹಾಕಿ. ಉಳಿದ ಪಾಪಿಗಳನ್ನು ಮನಸಾರೆ ಬೆಳೆಸಿ.