ಕಪ್ಪತಗುಡ್ಡದ ಮೂಕ ನೆರೆಯವರು

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಜನರಿಗೆ ಕಪ್ಪತಗುಡ್ಡವೆಂದರೆ ಮಲ್ಲಯ್ಯನ ಗುಡ್ಡ, ಔಷಧಿ ಸಸ್ಯಗಳ ಗುಡ್ಡ, ಈಚಿನ ವರುಷಗಳಲ್ಲಿ ಗಾಳಿಯಂತ್ರಗಳ ಗುಡ್ಡ. ಅಲ್ಲಿಯ ಗಿಡಮೂಲಿಕೆಗಳ ಹೆಸರು, ಗುಣ, ಅನುಪಾನಗಳನ್ನು ನಿರರ್ಗಳವಾಗಿ ಹೇಳಬಲ್ಲ ಹಿರಿಯರು ಈ ಭಾಗದ ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ ಅದೇ ಗುಡ್ಡದಲ್ಲಿ ಮರಿಗಳೊಡನೆ ಸಂಸಾರ ಹೂಡಿರುವ ಕಾಡುಪ್ರಾಣಿಗಳ ವಿಷಯ ಬಂದೊಡನೆ ನಮ್ಮ ಮಾತು ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ: ತೋಳ ಕುರಿ ತಿನ್ನುತ್ತದೆ, ಹಂದಿ ಬೆಳೆ ತಿನ್ನುತ್ತದೆ. ಜೀವದಯೆಯನ್ನು ನಿತ್ಯವೂ ಬಾಯ್ತುಂಬ ಹೇಳುವವರು ನಾವು. ಯಾವ ಜೀವಕ್ಕೆ ದಯೆ ತೋರಬೇಕೋ ಅದರ ಆಹಾರ, ನಿದ್ರೆ, ಹೆರಿಗೆ, ಭಯಗಳನ್ನು ಅರಿಯದೆ ಹೋದರೆ ಆ ದಯೆ ಬರಿಯ ಶಬ್ದವಾಗಿ ಉಳಿಯುತ್ತದೆ. ಆದಕಾರಣ ಈ ಮೂಕ ನೆರೆಯವರನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸಬೇಕೆಂಬ ಹಂಬಲ ನಮ್ಮದು.

ಮೊದಲು ಕೊಂಡುಕುರಿಯನ್ನು ನೋಡೋಣ. ಹೆಸರಿನಲ್ಲಿ ಕುರಿ ಇದ್ದರೂ ಇದು ಹುಲ್ಲೆಯ ಬಳಗಕ್ಕೆ ಸೇರಿದ್ದು. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬುಗಳಿರುತ್ತವೆ: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಮತ್ತೆರಡು ಚಿಕ್ಕವು. ಜಗತ್ತಿನ ಕಾಡುಮೃಗಗಳಲ್ಲಿ ಇಂಥ ನಾಲ್ಕು ಕೊಂಬಿನ ಜಾತಿ ಇನ್ನೊಂದಿಲ್ಲ. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಬೇರೆಡೆ ಇದರ ವಾಸವೂ ಇಲ್ಲ. ಜಿಂಕೆಗಳಂತೆ ಹಿಂಡು ಕಟ್ಟುವುದು ಇದರ ಸ್ವಭಾವವಲ್ಲ. ಒಂಟಿಯಾಗಿ, ಇಲ್ಲವೆ ಜೋಡಿಯಾಗಿ ಎತ್ತರದ ಹುಲ್ಲಿನಲ್ಲಿ ಮೈ ಮರೆಸಿಕೊಂಡು ಬಾಳುತ್ತದೆ. ನೀರಿನ ಆಸರೆಯನ್ನು ಬಿಟ್ಟು ಬಹುದೂರ ಹೋಗದು. ಸುಮಾರು ಎಂಟು ತಿಂಗಳ ಗರ್ಭದ ಬಳಿಕ ಒಂದೋ ಎರಡೋ ಮರಿಗಳನ್ನು ಈದು, ಅವನ್ನು ಹುಲ್ಲಿನಲ್ಲಿ ಬಚ್ಚಿಡುತ್ತದೆ. ಅಪಾಯ ಬಂದರೆ ಆ ಮರಿ ಓಡುವುದಿಲ್ಲ. ಅಲುಗದೆ ನೆಲಕ್ಕೆ ಅಂಟಿ ಮಲಗುತ್ತದೆ. ಈ ಒಂದು ಅಭ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸಂಗ ಬರುತ್ತದೆ.

ಎರಡನೆಯದು ತೋಳ. ಮಕ್ಕಳ ಕಥೆಗಳಲ್ಲಿ ಕ್ರೌರ್ಯಕ್ಕೆ ಇನ್ನೊಂದು ಹೆಸರೇ ತೋಳ. ವಾಸ್ತವವಾಗಿ ಇಷ್ಟು ಕುಟುಂಬವತ್ಸಲವಾದ ಪ್ರಾಣಿ ವಿರಳ. ಚಳಿಗಾಲದಲ್ಲಿ ಬಿಲದೊಳಗೆ ಹುಟ್ಟುವ ಮರಿಗಳು ಕೆಲದಿನ ಕಣ್ಣು ಸಹ ತೆರೆದಿರುವುದಿಲ್ಲ. ಆಗ ತಾಯಿ ಬಿಲವನ್ನು ಕಾಯುತ್ತದೆ, ತಂದೆ ಬೇಟೆಗೆ ಹೋಗುತ್ತದೆ. ಹಿಂದಿನ ಸೂಲಿನ ಬೆಳೆದ ಮಕ್ಕಳು ಎಷ್ಟೋ ಸಲ ಮನೆ ಬಿಡದೆ ನಿಂತು ತಮ್ಮ ತಂಗಿಯರನ್ನು ಸಾಕುತ್ತವೆ. ಬೇಟೆಯಿಂದ ಬಂದವು ತಾವು ನುಂಗಿದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ದಟ್ಟ ಅರಣ್ಯಕ್ಕಿಂತ ಬಯಲು, ಹುಲ್ಲುಗಾವಲು, ಕುರುಚಲು ಗುಡ್ಡಗಳೇ ತೋಳಕ್ಕೆ ಪ್ರಿಯ. ಹೀಗಾಗಿ ಅದಕ್ಕೂ ಕುರಿಗಾರರಿಗೂ ನಿತ್ಯದ ಮುಖಾಮುಖಿ ತಪ್ಪದು. ಎರೆಹೊಲದಲ್ಲಿ ಕುರಿ ತರುಬಿದ್ದ ಕುರಿಗಾರ ಹಿರಿಯರೊಬ್ಬರನ್ನು ನಾವು ಈ ಕುರಿತು ಕೇಳಿದಾಗ, "ವರ್ಷಕ್ಕ ಒಂದೆರಡು ಮರಿ ತ್ವಾಳಂದು ಅಂತ ಮೊದಲ ಬಿಟ್ಟಿರ್ತೇವ್ರಿ ಶಾಸ್ತ್ರಿಗಳ. ಅದಕ್ಕೂ ಮಕ್ಕಳ ಅದಾವಲ್ರಿ" ಎಂದರು. ಮಠದಲ್ಲಿ ಕುಳಿತು ದಾಸೋಹತತ್ತ್ವವನ್ನು ವರುಷಗಟ್ಟಲೆ ಓದಿದ ನಮಗೆ, ನಷ್ಟವನ್ನು ಕಣ್ಣಾರೆ ಕಂಡವನ ಬಾಯಿಂದ ಬಂದ ಆ ಮಾತು ದೊಡ್ಡ ಭಾಷ್ಯದಂತೆ ತೋರಿತು.

ಎಲ್ಲರಿಗೂ ಹೀಗೆ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಕುರಿ ಕಳೆದುಕೊಂಡ ಬಡವನ ಸಂಕಟ ಸುಳ್ಳಲ್ಲ. ಆದರೆ ಸತ್ತ ಕುರಿಗೆ ವಿಷ ಸವರಿ ಇಟ್ಟರೆ ಅದನ್ನು ತೋಳವೇ ಬಂದು ತಿನ್ನಬೇಕೆಂಬ ನಿಯಮವೇನೂ ಇಲ್ಲ. ನರಿ, ಕತ್ತೆಕಿರುಬ, ಹದ್ದು, ಕಡೆಗೆ ಕುರಿಗಾರನ ಸ್ವಂತ ನಾಯಿಯೂ ಅದಕ್ಕೆ ಬಲಿಯಾಗುತ್ತವೆ. ಕಾಡುಪ್ರಾಣಿಯಿಂದ ಸತ್ತ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಪಡೆಯುವ ಅವಕಾಶವಿದೆ. ಊರಿನಲ್ಲಿ ಅಕ್ಷರ ಬಲ್ಲವರು ಅರ್ಜಿ ಬರೆದುಕೊಟ್ಟರೆ ಅದು ಒಂದು ಬಡಕುಟುಂಬಕ್ಕೂ ಒಂದು ತೋಳದ ಕುಟುಂಬಕ್ಕೂ ಏಕಕಾಲಕ್ಕೆ ಮಾಡಿದ ಸೇವೆಯಾಗುತ್ತದೆ.

ಮೂರನೆಯದು ಕತ್ತೆಕಿರುಬ. ಇದರ ಬಗೆಗೆ ನಮ್ಮ ಸಮಾಜದ ಮನೆಗಳಲ್ಲಿ ಒಂದು ವಿಶೇಷ ಭಯವುಂಟು. ನಾವು ಲಿಂಗೈಕ್ಯರಾದವರನ್ನು ಸಮಾಧಿ ಮಾಡುವವರು. ಕತ್ತೆಕಿರುಬ ಆಳವಿಲ್ಲದ ಗೋರಿಯನ್ನು ಕೆದರುವುದುಂಟೆಂಬ ಕಾರಣದಿಂದ ಅದರ ಹೆಸರೆತ್ತಿದರೆ ತಾಯಂದಿರು ಬೆಚ್ಚುತ್ತಾರೆ. ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯ ಆ ಪ್ರಾಣಿಯನ್ನು ಕೊಲ್ಲುವುದಾಗಿರಲಿಲ್ಲ. ಕುಣಿಯನ್ನು ಆಳವಾಗಿ ತೋಡಿ, ಮಣ್ಣು ಬಿಗಿಮಾಡಿ, ಮೇಲೆ ಕಲ್ಲು ಹೇರುವುದಾಗಿತ್ತು. ಕತ್ತೆಕಿರುಬದ ಮುಂಗಾಲು ಉದ್ದ, ಹಿಂಗಾಲು ಗಿಡ್ಡ. ಅದಕ್ಕೇ ನಡಿಗೆ ಕುಂಟಿದಂತೆ ಕಾಣುತ್ತದೆ. ಹಗಲೆಲ್ಲ ಗವಿಯಲ್ಲಿ ಮಲಗಿ ಇರುಳಿನಲ್ಲಿ ಒಂಟಿಯಾಗಿ ತಿರುಗುತ್ತದೆ. ಮನುಷ್ಯರಂತೆ ನಗುತ್ತದೆಂದು ಕೇಳಿಬರುವುದು ಆಫ್ರಿಕಾ ಖಂಡದ ಚುಕ್ಕೆಯ ಕಿರುಬದ ಮಾತು. ನಮ್ಮ ಪಟ್ಟೆಯ ಕಿರುಬ ಬಹುಮಟ್ಟಿಗೆ ಮೌನಿ. ಹೆದರಿದಾಗ ಬೆನ್ನಮೇಲಿನ ಕೂದಲನ್ನು ನಿಮಿರಿಸಿ ತಾನು ದೊಡ್ಡದೆಂದು ತೋರಿಸಿಕೊಳ್ಳುತ್ತದೆ, ಅಷ್ಟೆ. ಇತರ ಪ್ರಾಣಿಗಳು ಬಿಟ್ಟುಹೋದ ಎಲುಬನ್ನು ಕಡಿದು ಅರಗಿಸಿಕೊಳ್ಳುವ ದವಡೆಯನ್ನು ಸೃಷ್ಟಿ ಇದಕ್ಕೆ ಕೊಟ್ಟಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧದಿಂದ ರಣಹದ್ದುಗಳು ನಾಶವಾಗಿ, 2006ರಲ್ಲಿ ಆ ಔಷಧದ ಪಶುಬಳಕೆಯನ್ನು ಸರ್ಕಾರ ನಿಷೇಧಿಸಿದ್ದನ್ನು ಅನೇಕರು ಬಲ್ಲರು. ರಣಹದ್ದುಗಳಿಲ್ಲದ ಬಯಲಿನಲ್ಲಿ ಕೊಳೆತದ್ದನ್ನು ತೆಗೆಯುವ ಕಾಯಕ ಕತ್ತೆಕಿರುಬ ಮತ್ತು ನರಿಗಳ ಪಾಲಿಗೆ ಬಂದಿದೆ. ಕಾಯಕದಲ್ಲಿ ಮೇಲುಕೀಳು ಎಣಿಸಬಾರದೆಂದು ಕಲಿತ ನಾವು ಈ ಜೀವಿಯನ್ನು ಮಾತ್ರ ಹೀನವೆಂದು ಎಣಿಸುವುದು ಎಷ್ಟು ಸರಿ?

ಚಿಕ್ಕ ಜೀವಿಗಳ ವಿಷಯದಲ್ಲಿಯೂ ನಮ್ಮ ತಿಳುವಳಿಕೆ ತಿದ್ದಿಕೊಳ್ಳುವಂಥದು. ಮುಳ್ಳುಹಂದಿ ತನ್ನ ಮುಳ್ಳನ್ನು ಬಾಣದಂತೆ ಎಸೆಯುತ್ತದೆಂಬುದು ಹುರುಳಿಲ್ಲದ ಮಾತು. ಅದು ವೈರಿಗೆ ಬೆನ್ನು ಮಾಡಿ ಹಿಮ್ಮುಖವಾಗಿ ನುಗ್ಗುತ್ತದೆ. ಸಡಿಲ ಮುಳ್ಳುಗಳು ವೈರಿಯ ಮೈಯಲ್ಲಿ ಕಚ್ಚಿಕೊಳ್ಳುತ್ತವೆ. ನರಿ ಬರಿಯ ಮಾಂಸಾಹಾರಿಯಲ್ಲ. ಹೊಲದ ಇಲಿಗಳನ್ನು ಹಿಡಿಯುವುದರ ಜೊತೆಗೆ ಬಾರಿಹಣ್ಣನ್ನು ತಿಂದು ಅದರ ಬೀಜವನ್ನು ಗುಡ್ಡದ ತುಂಬ ಬಿತ್ತುತ್ತದೆ. ಬಯಲುಸೀಮೆಯ ಕುರುಚಲು ಕಾಡುಗಳ ಚಿಪ್ಪುಹಂದಿಗೆ ಹಲ್ಲೇ ಇಲ್ಲ; ಉದ್ದನೆಯ ನಾಲಿಗೆಯಿಂದ ಇರುವೆ, ಗೆದ್ದಲುಗಳನ್ನು ನೆಕ್ಕಿ ಬದುಕುತ್ತದೆ. ಅದರ ಚಿಪ್ಪಿನಲ್ಲಿ ಔಷಧವಿದೆಯೆಂದು ನಂಬಿ ಕೊಲ್ಲುವವರಿದ್ದಾರೆ. ನಮ್ಮ ಉಗುರು ಯಾವ ದ್ರವ್ಯದಿಂದಾಗಿದೆಯೋ ಆ ಚಿಪ್ಪೂ ಅದೇ ದ್ರವ್ಯದ್ದು. ಉಗುರು ತೇಯ್ದು ಕುಡಿದರೆ ರೋಗ ವಾಸಿಯಾಗುವುದೆ?

ಈ ಜೀವಿಗಳ ಮನೆಯನ್ನು ಉಳಿಸಿಕೊಳ್ಳಲು ಗದಗ ಜಿಲ್ಲೆಯ ಜನ ಪಟ್ಟ ಪಾಡು ಚಿಕ್ಕದಲ್ಲ. ಕಪ್ಪತಗುಡ್ಡ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿತವಾಯಿತು. 2016ರಲ್ಲಿ ಆ ಆದೇಶ ರದ್ದಾಯಿತು. ಆಗ ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಮುಂದೆ ನಿಂತರು; ರೈತರು, ಪರಿಸರಪ್ರೇಮಿಗಳು, ಮಠಾಧೀಶರು ಒಂದಾದರು. 2017ರಲ್ಲಿ ಮೀಸಲು ಮಾನ್ಯತೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರು ಆ ದಿನವನ್ನು ಕಾಣಲಿಲ್ಲ. ಗಣಿಯ ಗುದ್ದಲಿಗೆ ಅಡ್ಡನಿಲ್ಲುವ ಕೆಲಸವನ್ನು ಅವರು ಮಾಡಿ ಹೋದರು. ಬೆಂಕಿಕಡ್ಡಿಗೆ ಅಡ್ಡನಿಲ್ಲುವ ಕೆಲಸ ನಮಗೆ ಉಳಿದಿದೆ.

ಬೆಂಕಿಕಡ್ಡಿಯ ಮಾತೇಕೆಂದರೆ, ಕಪ್ಪತಗುಡ್ಡಕ್ಕೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಮತ್ತೆ ಮತ್ತೆ ನಡೆದಿದೆ. ಹಳೆಯ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುವುದೆಂಬ ಎಣಿಕೆಯಿಂದಲೋ, ಸೇದಿ ಎಸೆದ ಬೀಡಿಯಿಂದಲೋ ಕಿಡಿ ಹೊತ್ತುತ್ತದೆ. ಗಾಳಿ ಬೀಸುವ ಆ ಗುಡ್ಡದಲ್ಲಿ ಅದನ್ನು ಆರಿಸುವುದು ಸುಲಭವಲ್ಲ. ದೊಡ್ಡ ಪ್ರಾಣಿ ಓಡಿ ಪಾರಾಗಬಹುದು. ಅಪಾಯ ಬಂದಾಗ ಅಲುಗದೆ ಮಲಗುವುದನ್ನೇ ಹುಟ್ಟಿನಿಂದ ಬಲ್ಲ ಕೊಂಡುಕುರಿಯ ಮರಿ ಏನು ಮಾಡಬೇಕು? ಶತ್ರುವಿನ ಕಣ್ಣಿನಿಂದ ಅದನ್ನು ಕಾಪಾಡಿದ ಮೌನವೇ ಬೆಂಕಿಯ ಬಾಯಿಗೆ ಅದನ್ನು ಒಪ್ಪಿಸುತ್ತದೆ.

ಶರಣಬಂಧುಗಳೇ, ನಾವು ಕೇಳುವುದು ಹೆಚ್ಚಿನದೇನಲ್ಲ. ಮಲ್ಲಯ್ಯನ ದರ್ಶನಕ್ಕೆ ಹೋಗುವಾಗ ಬೆಂಕಿಪೊಟ್ಟಣವನ್ನು ಮನೆಯಲ್ಲಿಯೇ ಬಿಡಿ. ಹೊಲದ ಬದುವಿಗೆ ಉರುಲು, ಸತ್ತ ದನಕ್ಕೆ ವಿಷ ಇಡುವವರು ನಿಮ್ಮ ಓಣಿಯಲ್ಲಿದ್ದರೆ ಪ್ರೀತಿಯಿಂದ ತಿಳಿಹೇಳಿ. ತೋಳ, ಕೊಂಡುಕುರಿ, ಚಿಪ್ಪುಹಂದಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಘೋರ ಅಪರಾಧವೆಂಬುದನ್ನೂ ತಿಳಿಸಿ. ಇಂದು ರಾತ್ರಿ ಮೊಮ್ಮಕ್ಕಳಿಗೆ ತೋಳದ ಕಥೆ ಹೇಳುವ ಅಜ್ಜ ಅಜ್ಜಿಯರು, ತಮ್ಮ ತಂಗಿಯರಿಗೆ ಉಣಿಸಲು ಬಿಲದ ಬಾಗಿಲಿಗೆ ಓಡಿಬರುವ ಆ ಅಣ್ಣ ಅಕ್ಕಂದಿರ ಕಥೆಯನ್ನೂ ಒಂದಿಷ್ಟು ಸೇರಿಸಿ ಹೇಳಲಿ.